ಬೆಳಗಿನ ಉಪಾಹಾರದಲ್ಲಿ ಕೋಳಿಮೊಟ್ಟೆ: ಕುಟುಂಬದ ಹಾಗೂ ಗರ್ಭಿಣಿಯರ ಪೋಷಣೆಗಾಗಿ ತೆಕ್ಕಟ್ಟೆ ಸೀಮೆಯ ಗೃಹಸ್ಥರಿಗೆ ಕೆಲವು ಸೂಚನೆಗಳು

ತೆಕ್ಕಟ್ಟೆಯು ಕುಂದಾಪುರದಿಂದ ಉಡುಪಿಗೆ ಹೋಗುವ ಹೆದ್ದಾರಿಯಲ್ಲಿ, ಕುಂಭಾಶಿಗೂ ಕೋಟಕ್ಕೂ ನಡುವೆ ಇರುವ ಊರು. ಪಡುವಣದಲ್ಲಿ ಕಡಲ ಕರೆಯ ಮರಳು ಭೂಮಿಯೂ ತೆಂಗಿನ ತೋಟಗಳೂ, ಮೂಡಣದಲ್ಲಿ ಮಲ್ಯಾಡಿ ಕೆದೂರುಗಳ ಕಡೆಗೆ ಹರಡಿದ ಭತ್ತದ ಬೈಲುಗಳೂ ಇರುವುವು. ಶಾಕಾಹಾರಿಗಳ ಮನೆಗಳನ್ನು ಬಿಟ್ಟರೆ, ಅಂಗಳದಲ್ಲಿ ನಾಲ್ಕು ಕೋಳಿಗಳನ್ನು ಸಾಕುವ ವಾಡಿಕೆ ಈ ಸೀಮೆಯ ಒಕ್ಕಲು ಮನೆಗಳಿಗೆ ಹೊಸದಲ್ಲ. ಆದರೆ ಆ ಕೋಳಿ ಇಟ್ಟ ಮೊಟ್ಟೆ ಯಾರ ತಟ್ಟೆಯನ್ನು ಸೇರುವುದೆಂದು ವಿಚಾರಿಸಿದರೆ ಉತ್ತರವು ಅಷ್ಟು ಸಮಾಧಾನಕರವಾಗಿರುವುದಿಲ್ಲ. ಕೆಲವು ಮೊಟ್ಟೆಗಳು ಮರಿ ಮಾಡಲು ಕಾವಿಗೆ ಹೋಗುವುವು. ಕೆಲವು ಅಂಗಡಿಗೆ ಹೋಗುವುವು. ಉಳಿದವು ಬಂದ ನೆಂಟರಿಗೂ, ಮನೆಯ ಗಂಡಸರಿಗೂ, ಬೆಳೆಯುವ ಹುಡುಗರಿಗೂ ಸಲ್ಲುವುವು. ಮನೆಯಲ್ಲಿ ಅದರ ಆವಶ್ಯಕತೆ ಎಲ್ಲರಿಗಿಂತ ಹೆಚ್ಚಾಗಿರುವ ಗರ್ಭಿಣಿಯ ಪಾಲಿಗೆ ಅದು ಬರುವುದು ಅಪರೂಪ. ಆಕೆ ಎಲ್ಲರೂ ಉಂಡ ಬಳಿಕ, ಉಳಿದುದನ್ನು ಉಣ್ಣುವವಳು.

ಈ ಕ್ರಮವನ್ನು ತಿದ್ದುವುದಕ್ಕೆ ಹಣವೂ ಯಂತ್ರವೂ ಬೇಕಾಗಿಲ್ಲ. ಮನೆಯ ಮತ್ತು ಊರಿನ ಹಿರಿಯರ ಒಂದು ಮಾತು ಸಾಕು. ಆದುದರಿಂದಲೇ ಈ ಪಾಠವನ್ನು ಗ್ರಾಮದ ಮುಖ್ಯಸ್ಥರಿಗೂ ಜಮೀನುದಾರರಿಗೂ ಒಪ್ಪಿಸಿರುವುದು. ಅಡುಗೆಯ ವಿಷಯ ಹೆಂಗಸರದೆಂದು ಈ ಪುಟವನ್ನು ಮಗುಚದೆ, ಪೂರ್ತಿಯಾಗಿ ಓದಿ, ಮನೆಯಲ್ಲಿ ಓದಿ ಹೇಳಬೇಕಾಗಿ ಕೋರಿಕೆ.

1. ನಮ್ಮ ಬೆಳಗಿನ ಆಹಾರದಲ್ಲಿರುವ ಕೊರತೆ

ಈ ಕಡೆಯ ಬೆಳಗಿನ ಆಹಾರವೆಂದರೆ ಕುಚ್ಚಲಕ್ಕಿಯ ಗಂಜಿ ಉಪ್ಪಿನಕಾಯಿ, ಇಲ್ಲವೆ ನೀರುದೋಸೆ, ಉದ್ದಿನ ದೋಸೆ, ಕಡುಬು, ಅವಲಕ್ಕಿ, ಜೊತೆಗೆ ಚಹ. ಇವುಗಳನ್ನು ನಿಂದಿಸತಕ್ಕ ಕಾರಣವಿಲ್ಲ. ಕುಚ್ಚಲಕ್ಕಿಯಂತೂ ಬಹಳ ಒಳ್ಳೆಯದು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವುದರಿಂದ ತೌಡಿನಲ್ಲಿರುವ ಬಿ ಜೀವಸತ್ವವು ಕಾಳಿನ ಒಳಕ್ಕೆ ಇಳಿದು ಬಹುಮಟ್ಟಿಗೆ ಉಳಿಯುವುದು. ಬಿಳಿಯಾಗಿ ಪಾಲಿಷ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅದು ನಷ್ಟವಾಗುವುದು. ಈ ಜೀವಸತ್ವದ ಕೊರತೆಯಿಂದ ಬರುವ ಬೆರಿಬೆರಿ ರೋಗವನ್ನು ವಿಚಾರಿಸುವುದಕ್ಕಾಗಿಯೇ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ನೀಲಗಿರಿಯ ಕೂನೂರಿನಲ್ಲಿ ಪ್ರಾರಂಭಿಸಿದ ಕೆಲಸವು ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿರುವುದು.

ಕೊರತೆ ಇರುವುದು ಬೇರೆ ಕಡೆ. ಅಕ್ಕಿಯು ಮುಖ್ಯವಾಗಿ ಪಿಷ್ಟ. ನೂರು ಗ್ರಾಂ ಅಕ್ಕಿಯಲ್ಲಿ ಸಸಾರಜನಕವು 7 ಅಥವಾ 8 ಗ್ರಾಂ ಮಾತ್ರವಿದ್ದು, ಅದರಲ್ಲಿಯೂ ಲೈಸಿನ್ ಎಂಬ ಅಂಶವು ಕಡಮೆ. ಗಂಜಿ ಹೊಟ್ಟೆಯನ್ನು ತುಂಬುವುದು. ಆದರೆ ಮಾಂಸ, ರಕ್ತಗಳನ್ನು ಕಟ್ಟುವ ಸಾಮಗ್ರಿಯನ್ನು ಸಾಕಷ್ಟು ಕೊಡಲಾರದು. ಮಧ್ಯಾಹ್ನಕ್ಕೆ ಮೀನು ಇರುವ ಮನೆಗಳಲ್ಲಿ ಈ ಕೊರತೆ ಸ್ವಲ್ಪ ತುಂಬಿಬರುವುದು. ಆದರೆ ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ದುರ್ಲಭವಾಗಿ ಬೆಲೆ ಏರುವುದು. ನೇಜಿ ನೆಡುವ ಕಾಲವೂ ಅದೇ. ಹೊಟ್ಟೆಯಲ್ಲಿ ಕೂಸನ್ನು ಹೊತ್ತು, ಒಂದು ಲೋಟ ಚಹ ಕುಡಿದು, ಗದ್ದೆಯ ಕೆಸರಿನಲ್ಲಿ ಬಗ್ಗಿ ನಿಲ್ಲುವ ಹೆಂಗಸು ಯಾವ ಬಲದಿಂದ ನಿಲ್ಲಬೇಕೆಂಬುದನ್ನು ಗದ್ದೆಯ ಯಜಮಾನರು ಯೋಚಿಸತಕ್ಕದ್ದು.

2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂದಿತು. ರಕ್ತಹೀನತೆಯಿರುವ ತಾಯಿಗೆ ಹೆರಿಗೆಯ ಕಾಲದ ರಕ್ತಸ್ರಾವವನ್ನು ತಾಳುವ ಶಕ್ತಿ ಕಡಮೆ. ಕೂಸು ದಿನ ತುಂಬದೆ ಹುಟ್ಟುವ, ಅಥವಾ ಎರಡೂವರೆ ಕಿಲೋಗ್ರಾಮಿಗಿಂತ ಕಡಮೆ ತೂಕದಿಂದ ಹುಟ್ಟುವ ಭಯ ಹೆಚ್ಚು.

2. ಮೊಟ್ಟೆಯಲ್ಲಿ ಇರುವುದೇನು, ಇಲ್ಲದಿರುವುದೇನು

ಸುಮಾರು 50 ಗ್ರಾಂ ತೂಗುವ ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಮಿನಷ್ಟು ಸಸಾರಜನಕವೂ, 5 ಗ್ರಾಮಿನಷ್ಟು ಕೊಬ್ಬೂ ಇರುವುವು. ಈ ಸಸಾರಜನಕವು ಅತ್ಯುತ್ತಮವಾದ ಜಾತಿಯದು. ಅಕ್ಕಿಯಲ್ಲಿ ಕಡಮೆಯಿರುವ ಲೈಸಿನ್ ಇದರಲ್ಲಿ ಧಾರಾಳವಾಗಿರುವುದರಿಂದ ಗಂಜಿಗೂ ದೋಸೆಗೂ ಇದು ತಕ್ಕ ಜೊತೆ. ಹಳದಿಯ ಭಾಗದಲ್ಲಿ ಎ ಮತ್ತು ಡಿ ಜೀವಸತ್ವಗಳೂ, ಸಸ್ಯಾಹಾರದಲ್ಲಿ ದೊರೆಯದ ಬಿ-12 ಜೀವಸತ್ವವೂ ಉಂಟು. ಕೂಸಿನ ಮಿದುಳಿನ ಬೆಳವಣಿಗೆಗೆ ಬೇಕಾದ ಕೋಲಿನ್ ಎಂಬ ವಸ್ತು ಒಂದು ಮೊಟ್ಟೆಯಲ್ಲಿ, ಗರ್ಭಿಣಿಗೆ ದಿನಕ್ಕೆ ಬೇಕಾಗುವುದರ ಮೂರನೆಯ ಒಂದಂಶದಷ್ಟು ಇರುವುದು. ಆದುದರಿಂದ ಹಳದಿಯನ್ನು ತೆಗೆದಿಟ್ಟು ಬಿಳಿಯನ್ನು ಮಾತ್ರ ಕೊಡುವುದು ತಪ್ಪು.

ಮೊಟ್ಟೆಯ ಗುಣವನ್ನು ಹೇಳುವಾಗ ಅದರ ಕೊರತೆಯನ್ನೂ ಮರೆಮಾಡಬಾರದು. ಒಂದು ಮೊಟ್ಟೆಯಲ್ಲಿ ಕಬ್ಬಿಣಾಂಶವು ಒಂದು ಮಿಲಿಗ್ರಾಮಿಗೂ ಕಡಮೆ. ಅದೂ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಗರ್ಭಿಣಿಗೆ ಬೇಕಾದದ್ದು ದಿನಕ್ಕೆ 27 ಮಿಲಿಗ್ರಾಂ. ಸಿ ಜೀವಸತ್ವವು ಮೊಟ್ಟೆಯಲ್ಲಿ ಇಲ್ಲವೇ ಇಲ್ಲ. ಆದಕಾರಣ ಮೊಟ್ಟೆಯೊಂದರಿಂದಲೇ ರಕ್ತಹೀನತೆ ವಾಸಿಯಾಗುವುದೆಂದು ನಂಬಿ ಕಬ್ಬಿಣದ ಗುಳಿಗೆಯನ್ನು ಬಿಡತಕ್ಕದ್ದಲ್ಲ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನವೂ, ಹೆರಿಗೆಯಾದ ಮೇಲೆ ಪುನಃ 180 ದಿನವೂ ಸರ್ಕಾರದ ಆಸ್ಪತ್ರೆಯಿಂದ ಕೊಡುವ ಗುಳಿಗೆಯನ್ನು ತಪ್ಪದೆ ತೆಗೆದುಕೊಳ್ಳಬೇಕು.

ಇಲ್ಲಿ ಸೊಪ್ಪಿನ ಮಾತನ್ನೂ ಹೇಳಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆಯನ್ನು ಪರಿಶೀಲಿಸಿದರು. ಅದು ಅಂಟುರೋಗವಲ್ಲ, ಆಹಾರದ ಕೊರತೆಯಿಂದ ಬಂದದ್ದು ಎಂದು ಕಂಡುಕೊಂಡು, ಯೀಸ್ಟಿನ ಸಾರವನ್ನು ಕೊಟ್ಟು ಗುಣಪಡಿಸಿ, 1931ರಲ್ಲಿ ಪ್ರಕಟಪಡಿಸಿದರು. ಆ ಸಾರದಲ್ಲಿದ್ದ ವಸ್ತುವನ್ನು 1941ರಲ್ಲಿ ಬೇರೆ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯಲ್ಲಿ ದೊರೆತುದರಿಂದ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಇಂದು ಕಬ್ಬಿಣದ ಗುಳಿಗೆಯಲ್ಲಿ ಸೇರಿರುವುದು ಇದೇ. ತಟ್ಟೆಯಲ್ಲಿ ಬಿಟ್ಟುಹೋದುದು ರಕ್ತದಲ್ಲಿ ಕಾಣಿಸಿಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದುದರಿಂದ ಮೊಟ್ಟೆಯ ಜೊತೆಗೆ ಹಿತ್ತಲಿನ ನುಗ್ಗೆ, ಹರಿವೆ, ಬಸಳೆಗಳಲ್ಲಿ ಒಂದು ಸೊಪ್ಪು, ಮೇಲೆ ಅರ್ಧ ಲಿಂಬೆಹಣ್ಣಿನ ರಸ ಅಥವಾ ಒಂದು ನೆಲ್ಲಿಕಾಯಿ ಇರಲೇಬೇಕು. ಹುಳಿಯಲ್ಲಿರುವ ಸಿ ಜೀವಸತ್ವವು ಕಬ್ಬಿಣಾಂಶವನ್ನು ಮೈಗೆ ಹತ್ತಿಸುವುದು. ಚಹದ ಒಗರು ಅದನ್ನು ತಡೆಯುವುದು. ಚಹವನ್ನು ಊಟಕ್ಕೆ ಒಂದು ಘಂಟೆ ಮೊದಲು ಅಥವಾ ಒಂದು ಘಂಟೆ ಅನಂತರ ಕುಡಿಯುವುದು ಉತ್ತಮ.

3. ಎಷ್ಟು ಕೊಡಬೇಕು

ಮೇಲೆ ಹೇಳಿದ ಪೋಷಣ ಸಂಸ್ಥೆಯವರು 2020ರಲ್ಲಿ ಗೊತ್ತುಪಡಿಸಿದ ಪ್ರಕಾರ, ಗರ್ಭಿಣಿಗೆ ಸಾಮಾನ್ಯ ಆಹಾರದ ಮೇಲೆ ಹೆಚ್ಚಾಗಿ ಬೇಕಾಗುವ ಸಸಾರಜನಕವು ನಡುವಿನ ಮೂರು ತಿಂಗಳಲ್ಲಿ ದಿನಕ್ಕೆ 9.5 ಗ್ರಾಂ, ಕಡೆಯ ಮೂರು ತಿಂಗಳಲ್ಲಿ 22 ಗ್ರಾಂ. ಇದನ್ನು ಅಡುಗೆಮನೆಯ ಲೆಕ್ಕಕ್ಕೆ ಇಳಿಸಿದರೆ ಹೀಗಾಗುವುದು:

ನಡುವಿನ ಮೂರು ತಿಂಗಳು: ಒಂದು ಮೊಟ್ಟೆ (6 ಗ್ರಾಂ) ಮತ್ತು ಅರ್ಧ ಲೋಟಕ್ಕಿಂತ ಸ್ವಲ್ಪ ಹೆಚ್ಚು ಹಾಲು (3.5 ಗ್ರಾಂ).

ಕಡೆಯ ಮೂರು ತಿಂಗಳು: ಎರಡು ಮೊಟ್ಟೆ (12 ಗ್ರಾಂ), 200 ಮಿಲಿಲೀಟರಿನ ಒಂದು ಲೋಟ ಹಾಲು (6 ಗ್ರಾಮಿಗೆ ಮೇಲ್ಪಟ್ಟು), ಒಂದು ಸಣ್ಣ ಹಿಡಿ, ಎಂದರೆ 20 ಗ್ರಾಂ, ಹೆಸರುಕಾಳು (4.5 ಗ್ರಾಂ).

ಇಷ್ಟರಿಂದ ಹೆಚ್ಚಿನ ಆವಶ್ಯಕತೆ ತೀರುವುದು. ಇದು ಗಂಜಿಯ ಬದಲಿಗಲ್ಲ, ಗಂಜಿಯೊಡನೆ. ಇತರರಿಗೆ ದಿನಕ್ಕೊಂದು ಮೊಟ್ಟೆ ಸಾಕು. ಮನೆಯಲ್ಲಿ ಒಂದೇ ಮೊಟ್ಟೆ ಇದ್ದರೆ ಅದು ಬಸುರಿಗೆ, ಎರಡಿದ್ದರೆ ಎರಡನೆಯದು ಬಾಣಂತಿಗೆ ಅಥವಾ ಸಣ್ಣ ಮಗುವಿಗೆ, ಅನಂತರ ಉಳಿದವರಿಗೆ.

ಕರ್ನಾಟಕದಲ್ಲಿ 2017ನೆಯ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಂತೆ ಅಂಗನವಾಡಿಗಳಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನೂ ಹಾಲನ್ನೂ ಕೊಡುವ ಏರ್ಪಾಡಾಯಿತು. ಇದನ್ನು ಪಡೆಯುವುದರಲ್ಲಿ ಯಾವ ಸಂಕೋಚವೂ ಬೇಡ. ಆದರೆ ಅಂಗನವಾಡಿಯಲ್ಲಿ ದೊರೆಯುವುದೆಂದು ಮನೆಯ ಬೆಳಗಿನ ತಟ್ಟೆಯನ್ನು ಬಡವಾಗಿಸಿದರೆ, ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತಾಗುವುದು.

4. ಬೆಳಗಿನ ಅಡುಗೆಯ ನಾಲ್ಕು ಕ್ರಮಗಳು

ಗಂಜಿಯೊಡನೆ ಬೇಯಿಸಿದ ಮೊಟ್ಟೆ.— ಮೊಟ್ಟೆಯನ್ನು ಪಾತ್ರೆಯಲ್ಲಿಟ್ಟು, ಅದರ ಮೇಲೆ ಒಂದಂಗುಲ ನಿಲ್ಲುವಂತೆ ತಣ್ಣೀರು ಹಾಕಿ ಒಲೆಯ ಮೇಲಿಡಬೇಕು. ನೀರು ಕುದಿ ಹತ್ತಿದ ಮೇಲೆ ಉರಿಯನ್ನು ತಗ್ಗಿಸಿ ಹತ್ತು ನಿಮಿಷ ಬೇಯಿಸಿ, ಒಡನೆಯೇ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸುಲಭವಾಗಿ ಬಿಡುವುದು. ಬಹಳ ಹೊತ್ತು ಬೇಯಿಸಿದರೆ ಹಳದಿಯ ಸುತ್ತ ಹಸುರು ಬಳೆ ಕಾಣುವುದು. ಅದು ವಿಷವಲ್ಲ, ಗಂಧಕವೂ ಕಬ್ಬಿಣವೂ ಕೂಡಿ ಆಗುವ ಬಣ್ಣ ಮಾತ್ರ. ಗಂಜಿಯ ಜೊತೆಗೆ ಈ ಮೊಟ್ಟೆಯನ್ನು ಎರಡಾಗಿ ಸೀಳಿ, ಉಪ್ಪು, ಕಾಳುಮೆಣಸಿನ ಪುಡಿ, ಲಿಂಬೆರಸ ಹಾಕಿ, ಹರಿವೆ ಸೊಪ್ಪಿನ ಪಲ್ಯದೊಡನೆ ಬಡಿಸುವುದು. ಗದ್ದೆಯ ಕೆಲಸದ ದಿನಕ್ಕೆ ಇದೇ ಎಲ್ಲಕ್ಕಿಂತ ಅನುಕೂಲ.

ನುಗ್ಗೆಸೊಪ್ಪಿನ ಮೊಟ್ಟೆಪಲ್ಯ (ಐದು ಜನರಿಗೆ).— ಮೊಟ್ಟೆ 5, ಬಿಡಿಸಿ ತೊಳೆದ ನುಗ್ಗೆಸೊಪ್ಪು ಮೂರು ಹಿಡಿ, ಈರುಳ್ಳಿ 2, ಹಸಿಮೆಣಸು 2, ಬೆಳ್ಳುಳ್ಳಿ ನಾಲ್ಕು ಎಸಳು, ತುರಿದ ತೆಂಗಿನಕಾಯಿ ಒಂದು ಹಿಡಿ, ತೆಂಗಿನೆಣ್ಣೆ ಮೂರು ಚಮಚ, ಅರಸಿನ ಚಿಟಿಕೆ, ಉಪ್ಪು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಬೆಳ್ಳುಳ್ಳಿ ಈರುಳ್ಳಿಗಳನ್ನು ಹುರಿದು, ಸೊಪ್ಪನ್ನು ಹಾಕಿ ಮುಚ್ಚಿ ಬೇಯಿಸಬೇಕು. ಸೊಪ್ಪು ಮೆತ್ತಗಾದ ಮೇಲೆ ಮೊಟ್ಟೆಗಳನ್ನು ಒಡೆದು ಹಾಕಿ, ಎಲ್ಲಿಯೂ ಹಸಿ ಉಳಿಯದಂತೆ ಸಟ್ಟುಗದಿಂದ ಕೈಯಾಡಿಸಿ, ಕಡೆಯಲ್ಲಿ ಕಾಯಿತುರಿ ಉದುರಿಸಿ ಇಳಿಸುವುದು. ನೀರುದೋಸೆಗೆ ಇದು ಒಳ್ಳೆಯ ಜೊತೆ.

ಮೊಟ್ಟೆದೋಸೆ.— ಉದ್ದಿನ ದೋಸೆಯ ಹಿಟ್ಟನ್ನು ಕಾವಲಿಯ ಮೇಲೆ ಸ್ವಲ್ಪ ದಪ್ಪವಾಗಿ ಹರಡಿ, ಮೇಲೆ ಒಂದು ಮೊಟ್ಟೆಯನ್ನು ಒಡೆದು ಹಾಕಿ ಸವರಿ, ಕೊಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಉದುರಿಸಿ ಮುಚ್ಚಬೇಕು. ಮೇಲ್ಭಾಗ ಗಟ್ಟಿಯಾದ ಬಳಿಕ ಮಗುಚಿ ಇನ್ನೊಂದು ಮೈಯನ್ನೂ ಬೇಯಿಸುವುದು. ಮೊಟ್ಟೆಯ ವಾಸನೆ ಸೇರದ ಬಸುರಿಯರೂ ಮಕ್ಕಳೂ ಇದನ್ನು ಸಾಮಾನ್ಯವಾಗಿ ಒಪ್ಪುವರು. ನೀರುದೋಸೆ ತೆಳುವಾದುದರಿಂದ ಇದಕ್ಕೆ ತಕ್ಕುದಲ್ಲ.

ಕಡುಬಿಗೆ ಮೊಟ್ಟೆಸಾರು (ಐದು ಜನರಿಗೆ).— ಮೊಟ್ಟೆ 6, ತೆಂಗಿನಕಾಯಿ ಅರ್ಧ, ಬ್ಯಾಡಗಿ ಮೆಣಸು 5, ಕೊತ್ತಂಬರಿ ಬೀಜ ಎರಡು ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು ಹತ್ತು ಕಾಳು, ಮೆಂತೆ ನಾಲ್ಕೈದು ಕಾಳು, ಬೆಳ್ಳುಳ್ಳಿ, ಅರಸಿನ, ಸ್ವಲ್ಪ ಹುಣಿಸೆಹುಳಿ. ಮಸಾಲೆಯನ್ನು ಹುರಿದು ಕಾಯಿಯೊಡನೆ ನುಣ್ಣಗೆ ಅರೆದು, ಹುರಿದ ಈರುಳ್ಳಿಗೆ ಸೇರಿಸಿ ಕುದಿಸಿ, ಬೇಯಿಸಿ ಸುಲಿದ ಮೊಟ್ಟೆಗಳನ್ನು ಹಾಕಿ ಐದು ನಿಮಿಷ ಕುದಿಸುವುದು. ಎದೆಯುರಿಯಿರುವ ಬಸುರಿಗೆ ಮೆಣಸನ್ನು ಕಡಮೆ ಮಾಡಿ, ಕಾಯಿಹಾಲನ್ನು ಹೆಚ್ಚಿಸಬೇಕು.

ಮೊಟ್ಟೆಯನ್ನು ತಿನ್ನದ ಮನೆಗಳಲ್ಲಿ ಒಂದು ಲೋಟ ಹಾಲು ಅಥವಾ ಮೊಸರು, ಮೊಳಕೆ ಬರಿಸಿ ಚೆನ್ನಾಗಿ ಬೇಯಿಸಿದ ಹೆಸರುಕಾಳಿನ ಉಸಲಿ, ಒಂದು ಹಿಡಿ ನೆಲಗಡಲೆ ಮತ್ತು ಬೆಲ್ಲ, ಲಿಂಬೆರಸ, ಇವುಗಳಿಂದ ಬೆಳಗಿನ ತಟ್ಟೆಯನ್ನು ತುಂಬಿಸಬಹುದು. ಬಿ-12 ಜೀವಸತ್ವಕ್ಕೆ ಹಾಲೇ ಆಧಾರವಾದುದರಿಂದ ಅಂತಹ ಮನೆಗಳಲ್ಲಿ ಗರ್ಭಿಣಿಗೆ ಹಾಲನ್ನು ತಪ್ಪಿಸಲೇಬಾರದು.

5. ಹಸಿಮೊಟ್ಟೆ ಮತ್ತು ಹಳೆಯ ಮೊಟ್ಟೆ

ಹಸಿಮೊಟ್ಟೆಯನ್ನು ಹಾಲಿನಲ್ಲಿ ಕದಡಿ ಕುಡಿದರೆ ಹೆಚ್ಚು ಪುಷ್ಟಿಯೆಂಬ ನಂಬಿಕೆ ಹಲವರಲ್ಲಿ ಉಂಟು. ಪರೀಕ್ಷೆಯಿಂದ ತಿಳಿದಿರುವುದು ಇದಕ್ಕೆ ವಿರುದ್ಧ: ಬೇಯಿಸಿದ ಮೊಟ್ಟೆಯ ಸಸಾರಜನಕದಲ್ಲಿ ನೂರಕ್ಕೆ 91 ಭಾಗ ಜೀರ್ಣವಾದರೆ, ಹಸಿಯದರಲ್ಲಿ ಜೀರ್ಣವಾಗುವುದು 51 ಭಾಗ ಮಾತ್ರ. ಇದಲ್ಲದೆ ಹಸಿಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದರಿಂದ ಬರುವ ವಾಂತಿ, ಭೇದಿ, ಜ್ವರಗಳು ಗರ್ಭಿಣಿಗೆ ಅಪಾಯಕರ. ಬಿಳಿಯೂ ಹಳದಿಯೂ ಎರಡೂ ಗಟ್ಟಿಯಾಗುವ ವರೆಗೆ ಬೇಯಿಸುವುದೇ ನಿಯಮ.

ಮೊಟ್ಟೆಯನ್ನು ನೀರು ತುಂಬಿದ ಪಾತ್ರೆಯಲ್ಲಿ ಬಿಟ್ಟಾಗ ತಳದಲ್ಲಿ ಅಡ್ಡಲಾಗಿ ಮಲಗಿದರೆ ತಾಜಾ; ನೆಟ್ಟಗೆ ನಿಂತರೆ ಹಳೆಯದು, ಬೇಗ ಉಪಯೋಗಿಸತಕ್ಕದ್ದು; ತೇಲಿದರೆ ಬಿಸಾಡತಕ್ಕದ್ದು. ಕೊಳೆಯಾದ ಮೊಟ್ಟೆಗಳನ್ನು ತೊಳೆದು ಕೂಡಿಡಬಾರದು. ನೀರಿನೊಡನೆ ಕೊಳೆಯು ಸಿಪ್ಪೆಯ ರಂಧ್ರಗಳಿಂದ ಒಳಸೇರುವುದು. ಒಣಬಟ್ಟೆಯಿಂದ ಒರಸಿ ತಂಪಾದ ಜಾಗದಲ್ಲಿಟ್ಟು, ಬೇಯಿಸುವ ಮುಂಚೆ ತೊಳೆಯುವುದು. ಒಡೆದ ಮೊಟ್ಟೆಯನ್ನೂ, ರೋಗ ಬಿದ್ದ ಕೋಳಿಯ ಮೊಟ್ಟೆಯನ್ನೂ ತಿನ್ನಬಾರದು. ಸಿಪ್ಪೆಯ ಕೆಂಪು ಬಿಳುಪುಗಳು ಕೋಳಿಯ ಜಾತಿಯಿಂದ ಬಂದವು. ಅದರಿಂದ ಪುಷ್ಟಿಯಲ್ಲಿ ಭೇದವಿಲ್ಲ.

6. ಹಿರಿಯರ ಎರಡು ಸಂದೇಹಗಳು

ಮೊಟ್ಟೆಯು ಉಷ್ಣ, ಬಸುರಿಗೆ ಆಗದು ಎಂದು ಮನೆಯ ಅಜ್ಜಿಯಂದಿರು ಹೇಳುವುದುಂಟು. ಅವರ ಉದ್ದೇಶವು ಕೂಸಿನ ರಕ್ಷಣೆಯೇ ಆದುದರಿಂದ ಆ ಮಾತನ್ನು ತಿರಸ್ಕಾರದಿಂದ ಕಾಣಬಾರದು. ಆದರೆ ಚೆನ್ನಾಗಿ ಬೇಯಿಸಿದ ಮೊಟ್ಟೆಯಿಂದ ಗರ್ಭಕ್ಕೆ ಹಾನಿಯಾಗುವುದೆಂಬುದಕ್ಕೆ ಆಧಾರವಿಲ್ಲ. ಸರ್ಕಾರದ ವೈದ್ಯರೂ ಅಂಗನವಾಡಿಯವರೂ ಗರ್ಭಿಣಿಯರಿಗೆ ಅದನ್ನು ಕೊಡುವುದು ಇದೇ ಕಾರಣದಿಂದ. ಮೊಟ್ಟೆ ತಿಂದೊಡನೆ ಮೈಯಲ್ಲಿ ದದ್ದು ಏಳುವವರು, ಬೇರೆ ಕಾಯಿಲೆಗೆ ಪಥ್ಯದಲ್ಲಿರುವವರು ವೈದ್ಯರನ್ನು ಕೇಳಿ ನಡೆಯಬೇಕು.

ಎರಡನೆಯದು, ಬಸುರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುವುದೆಂಬುದು. ಆದರೆ ತಾಯಿಯನ್ನು ಹಸಿದಿರಿಸಿದರೆ ಹೆರಿಗೆ ಸುಲಭವಾಗುವುದಿಲ್ಲ. ತಾಯಿಯ ಬಲ ಕುಗ್ಗುವುದು, ಕೂಸು ತೂಕವಿಲ್ಲದೆ ಹುಟ್ಟುವುದು. ಬಡಕಲಾಗಿ ಹುಟ್ಟಿದ ಕೂಸನ್ನು ಉಳಿಸಿಕೊಳ್ಳುವ ಕಷ್ಟವನ್ನು ಕಂಡ ಮನೆಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

7. ನಾಲ್ಕು ಹೇಂಟೆಗಳ ಲೆಕ್ಕ

ನಾಟಿ ಹೇಂಟೆಯೊಂದು ವರುಷಕ್ಕೆ ಸುಮಾರು 60ರಿಂದ 80 ಮೊಟ್ಟೆಗಳನ್ನಿಡುವುದು. ನಾಲ್ಕು ಹೇಂಟೆಗಳಿಂದ 240ರಿಂದ 320. ಗರ್ಭದ ಅವಧಿಯು ಸುಮಾರು 280 ದಿನ. ಎಂದರೆ, ಅಂಗಳದಲ್ಲಿ ಕೆದಕಿ ತಿಂದು ಬೆಳೆಯುವ ನಾಲ್ಕು ಹೇಂಟೆಗಳು ಒಬ್ಬ ಗರ್ಭಿಣಿಗೆ ದಿನಕ್ಕೊಂದು ಮೊಟ್ಟೆಯನ್ನು ಬಹುಮಟ್ಟಿಗೆ ಒದಗಿಸಬಲ್ಲುವು. ನಾಟಿ ಕೋಳಿಯು ಹನ್ನೆರಡು ಹದಿನೈದು ಮೊಟ್ಟೆಗಳಿಟ್ಟು ಕಾವಿಗೆ ಕೂರುವುದರಿಂದ, ನಾಲ್ಕೂ ಒಂದೇ ಕಾಲದಲ್ಲಿ ನಿಲ್ಲದಂತೆ ಬೇರೆ ಬೇರೆ ವಯಸ್ಸಿನ ಹೇಂಟೆಗಳನ್ನು ಸಾಕುವುದು ಜಾಣತನ. ಹೆಚ್ಚು ಮೊಟ್ಟೆ ಬೇಕೆನ್ನುವವರಿಗೆ ಹಿತ್ತಲಿನಲ್ಲಿ ಸಾಕುವುದಕ್ಕೆಂದೇ ಸಿದ್ಧಪಡಿಸಿದ ಸ್ವರ್ಣಧಾರಾ, ಗ್ರಾಮಪ್ರಿಯ ಮೊದಲಾದ ತಳಿಗಳಿವೆ. ಇವು ನಾಟಿ ಕೋಳಿಯ ಇಮ್ಮಡಿಗೆ ಮೇಲ್ಪಟ್ಟು ಇಡುವುವು, ಆದರೆ ಕಾವಿಗೆ ಕೂರುವುದು ಕಡಮೆ. ಈ ವಿಷಯದಲ್ಲಿ ಪಶುವೈದ್ಯಾಲಯದವರನ್ನೂ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನೂ ವಿಚಾರಿಸಬಹುದು.

ನಮ್ಮ ಮಳೆಗಾಲವು ಕೋಳಿಗೆ ಕಠಿನ. ಮುರಕಲ್ಲಿನ ಎತ್ತರದ ಜಗಲಿಯ ಮೇಲೆ, ಮಳೆಯ ಇರಚಲು ಹೊಡೆಯದಂತೆ, ಮುಂಗುಸಿ ಹಾವುಗಳು ನುಗ್ಗದಂತೆ ಗೂಡು ಕಟ್ಟಿ, ತಳಕ್ಕೆ ಒಣ ಉಮಿಯನ್ನು ಹಾಸಿ, ಒದ್ದೆಯಾದಾಗ ಬದಲಿಸಬೇಕು. ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ಕಡಲ ಕರೆಯ ಕಪ್ಪೆಚಿಪ್ಪನ್ನು ಕುಟ್ಟಿ ಕೋಳಿಗಳ ಮುಂದಿಡುವುದು. ಊರಿನ ಕೋಳಿಗಳನ್ನೆಲ್ಲ ಒಮ್ಮೆಗೇ ಬರಿದು ಮಾಡುವ ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಉಂಟು. ಮರಿಗೆ ಮೊದಲನೆಯ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿಯಾಗಿಯೂ, ಎಂಟನೆಯ ವಾರದಲ್ಲಿ ಚುಚ್ಚುಮದ್ದಾಗಿಯೂ ಹಾಕಿಸಬೇಕು. ಒಬ್ಬರ ಮನೆಯಲ್ಲಿ ಹಾಕಿಸಿ ನೆರೆಮನೆಯಲ್ಲಿ ಬಿಟ್ಟರೆ ರೋಗವು ಊರಿನಲ್ಲಿಯೇ ಉಳಿಯುವುದಾದ್ದರಿಂದ, ಮುಖ್ಯಸ್ಥರು ದಿನ ಗೊತ್ತುಮಾಡಿ ಇಡೀ ಊರಿಗೆ ಒಟ್ಟಿಗೆ ಹಾಕಿಸುವುದು ಲೇಸು.

8. ಮುಖ್ಯಸ್ಥರು ಮಾಡತಕ್ಕ ಕೆಲಸ

ಒಂದನೆಯದಾಗಿ, ಸ್ವಂತ ಮನೆಯಲ್ಲಿ ಸೊಸೆಯೋ ಮಗಳೋ ಬಸುರಿಯಾದಾಗ, ಆಕೆ ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವ ವಾಡಿಕೆಯನ್ನು ಬಿಡಿಸಿ, ಮನೆಯವರೊಡನೆ ಕೂತು ಉಣ್ಣುವಂತೆ ಯಜಮಾನರೇ ಹೇಳಬೇಕು. ಅತ್ತೆಯವರು ಹೇಳಲು ಹಿಂಜರಿಯುವುದನ್ನು ಮಾವನವರು ಹೇಳಿದರೆ ನಡೆಯುವುದು.

ಎರಡನೆಯದಾಗಿ, ನೇಜಿಗೂ ಕೊಯ್ಲಿಗೂ ಬರುವ ಕೆಲಸದ ಹೆಂಗಸರಿಗೆ ಬೆಳಿಗ್ಗೆ ಗಂಜಿ ಬಡಿಸುವ ಮನೆಗಳಲ್ಲಿ, ಬಸುರಿಯರಿಗೂ ಬಾಣಂತಿಯರಿಗೂ ಒಂದೊಂದು ಬೇಯಿಸಿದ ಮೊಟ್ಟೆಯನ್ನು ಕೊಟ್ಟು, ಭಾರವಾದ ಕೆಲಸದಿಂದ ಅವರನ್ನು ಬಿಡುಗಡೆ ಮಾಡಬೇಕು.

ಮೂರನೆಯದಾಗಿ, ಬಯಕೆಯ ದಿನ ಸೀರೆ, ಬಳೆ, ಹೂವುಗಳೊಡನೆ ಮೊಟ್ಟೆಯಿಡುವ ಎರಡು ಹೇಂಟೆಗಳನ್ನು ತವರಿನವರು ಕೊಡುವ ಪದ್ಧತಿಯನ್ನು ಮೊಟ್ಟೆ ತಿನ್ನುವ ಮನೆಗಳಲ್ಲಿ ಆರಂಭಿಸಬಹುದು. ಸೀರೆಯು ಪೆಟ್ಟಿಗೆಯನ್ನು ಸೇರುವುದು. ಹೇಂಟೆಗಳಾದರೋ ಹೆರಿಗೆಯ ವರೆಗೂ, ಬಾಣಂತನದ ಅನಂತರವೂ ಫಲ ಕೊಡುತ್ತಿರುವುವು.

ಬೀಜದ ಭತ್ತವನ್ನು ಮೊದಲು ತೆಗೆದಿರಿಸಿ, ಆಮೇಲೆ ಊಟಕ್ಕೂ ಮಾರಾಟಕ್ಕೂ ಅಳೆಯುವುದು ಬೇಸಾಯಗಾರನ ಕ್ರಮ. ಬಸುರಿಯ ತಟ್ಟೆಗೆ ಇಡುವ ಮೊಟ್ಟೆಯೂ ಅದೇ ರೀತಿ ಮೊದಲು ತೆಗೆದಿರಿಸತಕ್ಕ ಪಾಲೆಂದು ತಿಳಿದು ನಡೆದರೆ, ಈ ಪಾಠದ ಉದ್ದೇಶವು ನೆರವೇರಿದಂತೆ.